ಒಂದು ವೇಟ್ ಕ್ಲಾಸ್ ಇಳಿದು ಬಿಜೆಜೆ ಪಂದ್ಯಕ್ಕೆ: ಮುಂಬೈಯ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿ, ಥಾಣೆ, ಮಾಟುಂಗಾ, ಅಂಧೇರಿ ಕಡೆ ಬ್ರೆಜಿಲಿಯನ್ ಜಿಯು-ಜಿತ್ಸು (ಬಿಜೆಜೆ, ನೆಲದ ಮೇಲೆ ಹಿಡಿದು ಆಡುವ ಕುಸ್ತಿ) ಕಲಿಯುತ್ತಿರುವ ನಮ್ಮ ಕನ್ನಡದವರು ಪಂದ್ಯಕ್ಕೆ ಹೆಸರು ಕೊಡುವ ಹೊತ್ತಿಗೆ ಒಂದೇ ವಿಷಯ ಕೇಳುತ್ತಾರೆ: ಒಂದು ವೇಟ್ ಕ್ಲಾಸ್ (ತೂಕದ ವಿಭಾಗ) ಕೆಳಗೆ ಇಳಿದು ಆಡಲಾ? ಕ್ಲಾಸ್ ಮುಗಿದು ಮ್ಯಾಟ್ ಒರೆಸುವಾಗ, ಲೋಕಲ್‌ನಲ್ಲಿ ನಿಂತುಕೊಂಡು, ಫೋನಿನಲ್ಲಿ ಕೊಟ್ಟ ಉತ್ತರಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾರಗಟ್ಟಲೆ ಸಮಯ ಇಟ್ಟುಕೊಂಡು, ಊಟ ಸರಿಮಾಡಿಕೊಂಡು ಇಳಿಯುವುದಾದರೆ ಇಳಿಯಿರಿ. ಕೊನೆಯ ಎರಡು ದಿನ ನೀರು ಬಿಟ್ಟು ಇಳಿಯುವ ಯೋಚನೆ ಇದ್ದರೆ ಈಗಿರುವ ವಿಭಾಗದಲ್ಲೇ ಆಡಿ. ಕೆಳಗೆ ಕೊಟ್ಟಿರುವ ಅಳತೆ, ನಿಯಮಗಳು ಐಬಿಜೆಜೆಎಫ್ (ಬಿಜೆಜೆಯ ಅಂತಾರಾಷ್ಟ್ರೀಯ ಸಂಸ್ಥೆ) ಪದ್ಧತಿಯವು. ಸ್ಥಳೀಯ ಪಂದ್ಯಗಳು ಅದನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಂಡಿರಬಹುದು, ಹಾಗಾಗಿ ಹೆಸರು ಕೊಡುವ ಮೊದಲು ಆ ಪಂದ್ಯದ ನಿಯಮದ ಪುಟವನ್ನು ಪೂರ್ತಿ ಓದಿ.

ಒಂದು ಕ್ಲಾಸ್ ಇಳಿಯುವುದು ಅಂದ್ರೆ ಎಷ್ಟು ಕಿಲೋ?

ಗೀ ಅಂದರೆ ಆಡುವಾಗ ಹಾಕುವ ದಪ್ಪ ಬಟ್ಟೆಯ ಉಡುಪು. ಗಂಡಸರ ಗೀ ವಿಭಾಗಗಳು ಹೀಗಿವೆ: ರೂಸ್ಟರ್ 57.5 ಕಿಲೋವರೆಗೆ, ಲೈಟ್ ಫೆದರ್ 64, ಫೆದರ್ 70, ಲೈಟ್ 76, ಮಿಡಲ್ 82.3, ಮೀಡಿಯಂ ಹೆವಿ 88.3, ಹೆವಿ 94.3, ಸೂಪರ್ ಹೆವಿ 100.5. ಅದರ ಮೇಲೆ ಅಲ್ಟ್ರಾ ಹೆವಿ, ಮಿತಿ ಇಲ್ಲ. ಹೆಂಗಸರಿಗೆ 48.5, 53.5, 58.5, 64, 69, 74, 79.3, ಆಮೇಲೆ ಮಿತಿ ಇಲ್ಲ. ಅಂದರೆ ಗಂಡಸರಿಗೆ ಒಂದು ಮೆಟ್ಟಿಲು ಸುಮಾರು 6 ಕಿಲೋ, ಹೆಂಗಸರಿಗೆ ಸುಮಾರು 5.

ಬಹಳ ಜನ ಮರೆಯುವುದು ಏನೆಂದರೆ, ಈ ತೂಕ ಗೀ ಹಾಕಿಕೊಂಡು ನೋಡುವ ತೂಕ. ಜಾಕೆಟ್, ಪ್ಯಾಂಟ್, ಬೆಲ್ಟ್ ಸೇರಿ ಒಂದೂವರೆಯಿಂದ ಎರಡು ಕಿಲೋ ಬರುತ್ತದೆ. ಬೆಳಿಗ್ಗೆ ಬನಿಯನ್‌ನಲ್ಲಿ 74 ತೂಗುವವರು 1.8 ಕಿಲೋದ ಗೀ ಹಾಕಿದರೆ 75.8. ಲೈಟ್ ವಿಭಾಗದ ಅಂಚಿನಲ್ಲೇ ಇದ್ದಾರೆ. ಅವರು ಫೆದರ್‌ಗೆ ಇಳಿಯಬೇಕಾದರೆ ಮೈ ತೂಕ 68.2ರ ಒಳಗೆ ಬರಬೇಕು. ಅದು ಮೈ ತೂಕದ ಶೇಕಡ 8ರ ಹತ್ತಿರ. ಅದೇ 71.5 ತೂಗುವವರಿಗೆ 3.3 ಕಿಲೋ ಸಾಕು. ಇಬ್ಬರೂ "ಒಂದು ಕ್ಲಾಸ್ ಇಳೀತೀನಿ" ಅಂತಲೇ ಹೇಳುತ್ತಾರೆ, ಆದರೆ ಕೆಲಸ ಮಾತ್ರ ಒಂದೇ ಅಲ್ಲ. ಮೊದಲು ನಿಮ್ಮ ಗೀಯನ್ನು ತಕ್ಕಡಿ ಮೇಲೆ ಇಡಿ. ಲೆಕ್ಕ ಅಲ್ಲಿಂದ ಶುರುವಾಗಲಿ.

ನೋ-ಗೀಯಲ್ಲಿ, ಅಂದರೆ ಗೀ ಇಲ್ಲದೆ ಆಡುವ ಪಂದ್ಯದಲ್ಲಿ, ಮಿತಿಗಳೇ ಕಡಿಮೆ ಇರುತ್ತವೆ. ಲೈಟ್ 73.5, ಮಿಡಲ್ 79.5 ಹೀಗೆ. ಗೀ ಇಲ್ಲ ಅಂತ ಎರಡು ಕಿಲೋ ಲಾಭ ಸಿಕ್ಕಿತು ಅಂದುಕೊಳ್ಳಬೇಡಿ.

ತೂಕ ಯಾವಾಗ ನೋಡುತ್ತಾರೆ? ಹಿಂದಿನ ದಿನವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಐಬಿಜೆಜೆಎಫ್ ಪದ್ಧತಿಯಲ್ಲಿ ತೂಕ ನೋಡುವುದು ಮೊದಲ ಕುಸ್ತಿಗೆ ಸ್ವಲ್ಪ ಮುಂಚೆ. ವಾರ್ಮ್ ಅಪ್ ಜಾಗದಲ್ಲಿ ನಿಂತಿರುತ್ತೀರಿ. ಹೆಸರು ಕರೆಯುತ್ತಾರೆ. ಗುರುತಿನ ಚೀಟಿ ತೋರಿಸಿ, ಬರಿಗಾಲಲ್ಲಿ, ಗೀ ಬೆಲ್ಟ್ ಸಮೇತ ತಕ್ಕಡಿ ಹತ್ತುತ್ತೀರಿ. ಅಂಕಿ ಒಂದೆರಡು ಸಲ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ. ಸರಿ ಇದ್ದರೆ ಗೀಯ ತೋಳು, ಪ್ಯಾಂಟಿನ ಉದ್ದ ನೋಡುತ್ತಾರೆ, ಉಗುರು ನೋಡುತ್ತಾರೆ. ಆಮೇಲೆ ನಿಮ್ಮ ಮ್ಯಾಟ್ ಪಕ್ಕ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ಎದುರಾಳಿ ಆ ಕಡೆ ನಿಂತಿರುತ್ತಾನೆ. ನಡುವೆ ಎರಡು ಗುಟುಕು ನೀರು ಕುಡಿಯಬಹುದು, ಅಷ್ಟೇ.

ಬಾಕ್ಸಿಂಗ್, ಎಂಎಂಎ (ಹೊಡೆತ, ಕುಸ್ತಿ ಎರಡೂ ಇರುವ ಆಟ) ನೋಡಿ ಬೆಳೆದವರಿಗೆ ಇದು ತಲೆಗೆ ಹೋಗುವುದು ತಡ. ಎಂಎಂಎಯಲ್ಲಿ ಹಿಂದಿನ ದಿನ ತೂಕ ಕೊಟ್ಟು, ರಾತ್ರಿಯೆಲ್ಲ ನೀರು, ಉಪ್ಪು, ಅನ್ನ ತುಂಬಿಕೊಂಡು ಮಾರನೇ ದಿನ ನಾಲ್ಕೈದು ಕಿಲೋ ಜಾಸ್ತಿ ಆಗಿ ಅಖಾಡಕ್ಕೆ ಇಳಿಯುತ್ತಾರೆ. ಬಿಜೆಜೆಯಲ್ಲಿ ಆ ರಾತ್ರಿಯೇ ಇಲ್ಲ. ತಕ್ಕಡಿ ಮೇಲೆ ಒಣಗಿ ನಿಂತವರು ಅದೇ ಒಣಗಿದ ಮೈಯಲ್ಲೇ ಕುಸ್ತಿ ಆಡಬೇಕು. ಮೈ ತೂಕದ ಶೇಕಡ 2ರಷ್ಟು ನೀರು ಹೋದರೆ ಸಾಕು, ಬೇಗ ಸುಸ್ತಾಗುತ್ತದೆ, ಎದೆ ಬಡಿತ ಏರುತ್ತದೆ, ತಲೆ ನಿಧಾನವಾಗುತ್ತದೆ. 70 ಕಿಲೋದವರಿಗೆ ಶೇಕಡ 2 ಅಂದರೆ 1.4 ಲೀಟರ್ ಅಷ್ಟೇ. ಬಿಳಿ ಬೆಲ್ಟ್‌ನ (ಹೊಸಬರ) ಕುಸ್ತಿ 5 ನಿಮಿಷ, ಅದರ ಮೇಲಿನ ನೀಲಿ ಬೆಲ್ಟ್‌ನದು 6. ಗೆದ್ದರೆ ಅದೇ ದಿನ ಮತ್ತೊಂದು, ಆಮೇಲೆ ಇನ್ನೊಂದು. ನೀರು ಬಿಟ್ಟವರು ಮೊದಲನೆಯದನ್ನು ಹೇಗೋ ದಾಟುತ್ತಾರೆ. ಎರಡನೆಯದರಲ್ಲಿ ಬೆರಳು ಕಾಲರ್ ಹಿಡಿಯುವುದೇ ಇಲ್ಲ.

ಕೆಲವು ಸ್ಥಳೀಯ ಪಂದ್ಯಗಳಲ್ಲಿ ಬೆಳಿಗ್ಗೆ ಎಲ್ಲರ ತೂಕವನ್ನೂ ಒಟ್ಟಿಗೆ ನೋಡುವುದುಂಟು, ಗೀ ಇಲ್ಲದೆ ನೋಡುವುದೂ ಉಂಟು. ಹಾಗಿದ್ದರೂ ನನ್ನ ಸಲಹೆ ಬದಲಾಗುವುದಿಲ್ಲ. ಎರಡು ಮೂರು ಗಂಟೆಯಲ್ಲಿ ಎಷ್ಟೇ ನೀರು ಕುಡಿದರೂ ಮೈ ಪೂರ್ತಿ ಸರಿಹೋಗಿರುವುದಿಲ್ಲ.

ಹಾಗಾದರೆ ನಾನು ಇಳಿಯಬೇಕಾ, ಬೇಡ್ವಾ?

ಮೊದಲ ಪಂದ್ಯವಾದರೆ ಬೇಡ. ಖಂಡಿತ ಬೇಡ. ಮೊದಲ ಸಲ ಮ್ಯಾಟ್ ಹತ್ತಿದಾಗ ಕಿವಿಗೆ ಕೋಚ್ ಮಾತು ಬೀಳುವುದಿಲ್ಲ, ಉಸಿರು ಬಿಗಿಯಾಗುತ್ತದೆ, ಮುಂಗೈ ಕಲ್ಲಿನಂತಾಗುತ್ತದೆ. ಅದನ್ನು ನಿಭಾಯಿಸುವುದೇ ದೊಡ್ಡ ಕೆಲಸ. ಜೊತೆಗೆ ತೂಕದ ಚಿಂತೆ ಯಾಕೆ?

ಎರಡನೆಯದು, ಮೂರನೆಯದು ಆಗಿದ್ದರೆ ಹೊಟ್ಟೆಯ ಸುತ್ತ ಹಿಡಿದು ನೋಡಿ. ಇಳಿಸಲು ಕೊಬ್ಬು ಇದೆಯಾ? ಇದ್ದರೆ ಇಳಿಯುವುದರಿಂದ ಲಾಭವಿದೆ. ಅದೇ ಶಕ್ತಿ, ಕಡಿಮೆ ತೂಕ, ಉಸಿರೂ ಸುಧಾರಿಸುತ್ತದೆ. ಆಗಲೇ ತೆಳ್ಳಗಿದ್ದರೆ ಇಳಿಯುವುದು ಸ್ನಾಯು ಮತ್ತು ನೀರು. ಆಗ ಇಳಿಯುವ ಬದಲು ಆರು ತಿಂಗಳು ಡೆಡ್‌ಲಿಫ್ಟ್, ಸ್ಕ್ವಾಟ್ ಮಾಡಿ ಈಗಿನ ವಿಭಾಗದಲ್ಲೇ ಗಟ್ಟಿಯಾಗಿ. ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಆ ವಿಭಾಗದಲ್ಲಿ ಯಾರಿದ್ದಾರೆ ಅಂತ ಪಟ್ಟಿ ನೋಡಿ. ಇಲ್ಲಿನ ಚಿಕ್ಕ ಪಂದ್ಯಗಳಲ್ಲಿ ಒಂದೊಂದು ವಿಭಾಗಕ್ಕೆ ಎರಡೇ ಹೆಸರು ಇರುವುದೂ ಉಂಟು. ಮೂರು ತಿಂಗಳು ಬಾಯಿ ಕಟ್ಟಿ ಇಳಿದು, ಒಬ್ಬರ ಜೊತೆ ಒಂದೇ ಕುಸ್ತಿ ಆಡಿ ಮನೆಗೆ ಬರುವುದು ಬೇಕಾ ಅಂತ ನೀವೇ ಯೋಚಿಸಿ.

ಜಿಯು-ಜಿತ್ಸುವಿನಲ್ಲಿ ಚಿಕ್ಕವರು ದೊಡ್ಡವರನ್ನು ಸೋಲಿಸಬಹುದು ಅಂತಾರಲ್ಲ, ತೂಕಕ್ಕೆ ಯಾಕೆ ಇಷ್ಟು ಬೆಲೆ?

ಸೋಲಿಸಬಹುದು, ಎದುರಾಳಿಗೆ ಜಿಯು-ಜಿತ್ಸು ಗೊತ್ತಿಲ್ಲದಿದ್ದರೆ. 1993ರ ಮೊದಲ ಯುಎಫ್‌ಸಿ (ಎಂಎಂಎ ಪಂದ್ಯ) ಯಲ್ಲಿ ಜಿಯು-ಜಿತ್ಸು ಆಟಗಾರ ರಾಯ್ಸ್ ಗ್ರೇಸಿ ತನಗಿಂತ ದೊಡ್ಡವರನ್ನು ಸೋಲಿಸಿದಾಗ ಎದುರಿಗೆ ನಿಂತವರಲ್ಲಿ ಹೆಚ್ಚಿನವರಿಗೆ ನೆಲದ ಆಟ ಅಷ್ಟಾಗಿ ಬರುತ್ತಿರಲಿಲ್ಲ. ಪಂದ್ಯದಲ್ಲಿ ಇಬ್ಬರದೂ ಒಂದೇ ಬೆಲ್ಟ್, ಇಬ್ಬರೂ ಒಂದೇ ಪಾಠ ಕಲಿತವರು. ಕಲಿಕೆ ಸಮಾನವಾದಾಗ ತೂಕ ಮಾತಾಡುತ್ತದೆ.

ಎಷ್ಟು ವಾರ ಮೊದಲೇ ಶುರು ಮಾಡಬೇಕು?

ವಾರಕ್ಕೆ ಅರ್ಧ ಕಿಲೋ ಲೆಕ್ಕ ಹಿಡಿಯಿರಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ 3500, ಅಂದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. 3 ಕಿಲೋಗೆ ಆರೇಳು ವಾರ, 6 ಕಿಲೋಗೆ ಮೂರು ತಿಂಗಳು. ವಾರಕ್ಕೆ ಮೈ ತೂಕದ ಶೇಕಡ 1 ದಾಟಿ ಇಳಿಯುತ್ತಿದ್ದರೆ ಸ್ನಾಯುವೂ ಜೊತೆಗೆ ಕರಗುತ್ತಿದೆ ಅಂತ ತಿಳಿಯಿರಿ.

ಮೊದಲ ವಾರ ಒಂದೂವರೆ ಕಿಲೋ ದಿಢೀರನೆ ಇಳಿಯುತ್ತದೆ. ಅದು ಹೆಚ್ಚಾಗಿ ನೀರು. ಸ್ನಾಯುವಿನಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜೆನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ ಕಡಿಮೆಯಾದಾಗ ಎರಡೂ ಹೋಗುತ್ತವೆ. ಮೂರನೇ ವಾರ ತಕ್ಕಡಿ ಅಲ್ಲಾಡದೆ ನಿಂತಾಗ ಎಲ್ಲರೂ ಗಾಬರಿಯಾಗಿ ಊಟ ಇನ್ನೂ ಕಡಿಮೆ ಮಾಡುತ್ತಾರೆ. ಹಾಗೆ ಮಾಡಬೇಡಿ. ದಿನದಿನದ ಅಂಕಿ ಬಿಟ್ಟು ವಾರದ ಸರಾಸರಿ ನೋಡಿ.

ಪಂದ್ಯಕ್ಕೆ ಎರಡು ವಾರ ಇರುವಾಗಲೇ ಗುರಿಯ ಹತ್ತಿರ, ಹೆಚ್ಚೆಂದರೆ ಒಂದು ಕಿಲೋ ಮೇಲೆ ಇರಬೇಕು. ಆಗಲೂ ಮೂರು ಕಿಲೋ ಬಾಕಿ ಇದ್ದರೆ ವಿಭಾಗ ಬದಲಾಯಿಸಿ. ಅದರಲ್ಲಿ ಅವಮಾನ ಏನೂ ಇಲ್ಲ.

ನಮ್ಮ ಮನೆ ಊಟ ತಿಂದುಕೊಂಡು ತೂಕ ಇಳಿಸಬಹುದಾ? ಓಟ್ಸ್, ಬ್ರೊಕೊಲಿ ತಿನ್ನಲೇಬೇಕಾ?

ನಮ್ಮ ಮನೆ ಊಟ ಬಿಡುವುದೇ ಬೇಡ. ಅಡುಗೆಯಲ್ಲಿ ಮೂರು ಕಡೆ ಕೈ ಇಟ್ಟರೆ ಸಾಕು: ಅನ್ನದ ಅಳತೆ, ತೆಂಗು ಮತ್ತು ಎಣ್ಣೆ, ಪ್ರೋಟೀನ್.

ಅನ್ನ ಮೊದಲು. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಕುಚ್ಚಲಕ್ಕಿಯಾದರೂ ಹೆಚ್ಚು ವ್ಯತ್ಯಾಸ ಇಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಹೊತ್ತು ಜಾಸ್ತಿ ತುಂಬಿದಂತೆ ಇರುತ್ತದೆ. ಒಂದು ವಾರ ತಟ್ಟೆಗೆ ಹಾಕಿಕೊಳ್ಳುವ ಅನ್ನವನ್ನು ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿ ನೋಡಿ. ಬಹಳ ಜನ ಒಂದೇ ಊಟಕ್ಕೆ 400 ಗ್ರಾಂ ಹಾಕಿಕೊಳ್ಳುತ್ತಾರೆ, ಅವರಿಗೇ ಗೊತ್ತಿರುವುದಿಲ್ಲ. 200ಕ್ಕೆ ತನ್ನಿ. ಕ್ಲಾಸ್ ಇರುವ ದಿನ ಕ್ಲಾಸಿಗೆ ಮೂರು ಗಂಟೆ ಮೊದಲು ಅನ್ನ ತಿನ್ನಿ, ಕ್ಲಾಸ್ ಇಲ್ಲದ ದಿನ ಇನ್ನೂ ಸ್ವಲ್ಪ ಕಡಿಮೆ. ವಿಜಯಪುರ, ಬೆಳಗಾವಿ ಕಡೆಯವರಿಗೆ ಜೋಳದ ರೊಟ್ಟಿ ಒಳ್ಳೆಯದೇ. ಎಣ್ಣೆ ಬೇಕಿಲ್ಲ, ಎಷ್ಟು ತಿಂದೆವು ಅಂತ ಎಣಿಸುವುದೂ ಸುಲಭ. ಶೇಂಗಾ ಚಟ್ನಿ ಮಾತ್ರ ಒಂದು ಚಮಚಕ್ಕೆ ನಿಲ್ಲಲಿ.

ಕರಾವಳಿಯವರ ಕಷ್ಟ ತೆಂಗಿನಕಾಯಿ. ಹಸಿ ತೆಂಗಿನ ತುರಿ 100 ಗ್ರಾಂಗೆ 350 ಕ್ಯಾಲೊರಿ ಹತ್ತಿರ. ಕೊಬ್ಬರಿ ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ಬಂಗುಡೆ ಎಷ್ಟು ಒಳ್ಳೆಯ ಮೀನು! 100 ಗ್ರಾಂಗೆ 19-20 ಗ್ರಾಂ ಪ್ರೋಟೀನ್. ಅದನ್ನೇ ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಲೆಕ್ಕ ಕೆಡುತ್ತದೆ. ಕಾವಲಿಗೆ ಎಣ್ಣೆ ಸವರಿ ಕಾಯಿಸಿ, ಅಥವಾ ಹುಳಿಮುಂಚಿ ಮಾಡಿ. ಗಸಿ, ಕೋರಿ ರೊಟ್ಟಿ ಭಾನುವಾರಕ್ಕೆ ಇರಲಿ, ಪೂರ್ತಿ ಬಿಡಬೇಡಿ. ಪೂರ್ತಿ ಬಿಟ್ಟವರು ಐದನೇ ವಾರ ಒಂದೇ ಕೂತಿಗೆ ಎಲ್ಲವನ್ನೂ ತಿನ್ನುತ್ತಾರೆ.

ಪ್ರೋಟೀನ್ ಮೈ ತೂಕದ ಕಿಲೋಗೆ 1.6ರಿಂದ 2.2 ಗ್ರಾಂ ಬೇಕು. 70 ಕಿಲೋದವರಿಗೆ ದಿನಕ್ಕೆ ಕಡಿಮೆಯೆಂದರೆ 110 ಗ್ರಾಂ. ತೂಕ ಇಳಿಯುವಾಗ ಸ್ನಾಯು ಉಳಿಯುವುದು ಇದರಿಂದ ಮತ್ತು ವಾರಕ್ಕೆ ಎರಡು ಸಲ ಭಾರ ಎತ್ತುವುದರಿಂದ. ಮೊಟ್ಟೆಗೆ 6 ಗ್ರಾಂ, ಬೇಯಿಸಿದ ಕೋಳಿಯ ಎದೆಭಾಗ 100 ಗ್ರಾಂಗೆ 30. ಸಸ್ಯಾಹಾರಿಗಳಿಗೆ ಇದು ನಿಜವಾಗಿಯೂ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಒಂದು ಬಟ್ಟಲು ಸಾಂಬಾರಿನಿಂದ ಏನೂ ಆಗುವುದಿಲ್ಲ. ಪನೀರ್ 100 ಗ್ರಾಂಗೆ 18 ಗ್ರಾಂ ಪ್ರೋಟೀನ್ ಕೊಡುತ್ತದೆ, ಆದರೆ ಕೊಬ್ಬೂ ಜೊತೆಗೆ ಬರುತ್ತದೆ. ಒಣ ಸೋಯಾ ಚಂಕ್ಸ್ 100 ಗ್ರಾಂಗೆ 52 ಗ್ರಾಂ, ಅದರಲ್ಲಿ 50 ಗ್ರಾಂ ನೆನೆಸಿ ಪಲ್ಯ ಮಾಡಿದರೆ ಒಂದು ಹೊತ್ತಿನದು ಮುಗಿಯಿತು. ಹೆಸರುಕಾಳು, ಕಡಲೆ, ಗಟ್ಟಿ ಮೊಸರು, ಸಾಕಾಗದಿದ್ದರೆ ವೇ ಪೌಡರ್.

ಹೋಟೆಲಲ್ಲಿ ಕೆಲಸ ಮಾಡುವ ಹುಡುಗರು ರಾತ್ರಿ ಹನ್ನೆರಡಕ್ಕೆ ಊಟ ಮಾಡುತ್ತೇವೆ, ಏನು ಮಾಡುವುದು ಅಂತ ಕೇಳುತ್ತಾರೆ. ತಡವಾಗಿ ತಿಂದ ಮಾತ್ರಕ್ಕೆ ದಪ್ಪ ಆಗುವುದಿಲ್ಲ, ದಿನದ ಒಟ್ಟು ಮುಖ್ಯ. ನಿಮಗೆ ಒಂದು ಅನುಕೂಲವೂ ಇದೆ: ಇಡ್ಲಿ ಕೈಗೆಟಕುವಲ್ಲೇ ಇರುತ್ತದೆ. ಎರಡು ಇಡ್ಲಿ, ಮೂರು ಮೊಟ್ಟೆ ಒಳ್ಳೆಯ ತಿಂಡಿ. ಮಸಾಲೆ ದೋಸೆ, ಮಧ್ಯೆ ಮಧ್ಯೆ ಕುಡಿಯುವ ಸಕ್ಕರೆ ಚಹಾ ಎರಡರ ಮೇಲೂ ಕಣ್ಣಿರಲಿ. ದಿನಕ್ಕೆ ಆರು ಕಟಿಂಗ್ (ಅರ್ಧ ಗ್ಲಾಸ್ ಚಹಾ) ಕುಡಿಯುವವರು ಅದನ್ನು ಎರಡಕ್ಕೆ ತಂದರೇ ತಿಂಗಳಲ್ಲಿ ಗೊತ್ತಾಗುತ್ತದೆ.

ಅಮ್ಮ "ಸೊರಗಿ ಹೋಗಿದ್ದೀಯ" ಅಂತ ದಿನಾ ಬೈತಾರೆ. ಮದುವೆ, ಗಣೇಶನ ಹಬ್ಬ ಬೇರೆ ಬಂತು.

ಪಂದ್ಯದ ದಿನಾಂಕವನ್ನು ಮನೆಯವರಿಗೆ ಮೊದಲೇ ಹೇಳಿ. "ಡಯಟ್" ಅಂದರೆ ಅವರಿಗೆ ನೀವು ಉಪವಾಸ ಬಿದ್ದಂತೆ ಕೇಳುತ್ತದೆ. "ಈ ತಾರೀಖಿನವರೆಗೆ ಪಥ್ಯ" ಅಂದರೆ ಅಮ್ಮನೇ ನಿಮ್ಮ ತಟ್ಟೆ ಕಾಯುತ್ತಾರೆ. ಹಬ್ಬದ ದಿನ ತಿನ್ನಿ, ಎರಡು ಕಡುಬು ಜಾಸ್ತಿ ತಿಂದರೂ ಪರವಾಗಿಲ್ಲ. ಮಾರನೇ ದಿನ ತಕ್ಕಡಿ ಹತ್ತಬೇಡಿ, ಎಂದಿನ ಊಟಕ್ಕೆ ವಾಪಸ್ ಬನ್ನಿ.

ಕೊನೆಯ ವಾರ ಏನು ಮಾಡಬೇಕು?

ಕೊನೆಯ ಎರಡು ಮೂರು ದಿನ ನಾರಿನ ಅಂಶ ಕಡಿಮೆ ಮಾಡಿ. ಸೊಪ್ಪು, ಕಾಳು, ಹಸಿ ತರಕಾರಿ, ಕುಚ್ಚಲಕ್ಕಿ ಬದಿಗಿಟ್ಟು ಬೆಳ್ತಿಗೆ ಅನ್ನ, ಮೊಟ್ಟೆ, ಮೀನು, ಮೊಸರು ತಿನ್ನಿ. ಕರುಳಿನಲ್ಲಿ ಇರುವುದು ಖಾಲಿಯಾಗಿ ಅರ್ಧದಿಂದ ಒಂದು ಕಿಲೋ ಇಳಿಯುತ್ತದೆ. ಶಕ್ತಿಗೆ ಏನೂ ಕೊರತೆ ಆಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಹೊರಗಿನ ಚೈನೀಸ್ ಬೇಡ. ಸಾರಿಗೆ ಹಾಕುವ ಉಪ್ಪು ಎಂದಿನಂತೆ ಇರಲಿ. ಮುಂಬೈಯ ಸೆಕೆಯಲ್ಲಿ ಉಪ್ಪು ಪೂರ್ತಿ ಬಿಟ್ಟರೆ ಕಾಲು ಹಿಡಿದುಕೊಳ್ಳುತ್ತದೆ. ನೀರು ಎಂದಿನಂತೆ ಕುಡಿಯಿರಿ.

ಗಟ್ಟಿ ಸ್ಪಾರಿಂಗ್ (ಅಭ್ಯಾಸದ ಕುಸ್ತಿ) ನಾಲ್ಕು ದಿನ ಮೊದಲೇ ನಿಲ್ಲಿಸಿ. ತೂಕ ಇಳಿಯಲಿ ಅಂತ ಕೊನೆಯ ದಿನ ಸುಮ್ನೆ ಓಡುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಪಂದ್ಯಕ್ಕೆ ಬೇಕಾದ ಕಾಲನ್ನು ಮರೀನ್ ಡ್ರೈವ್‌ನಲ್ಲಿ ಬಿಟ್ಟು ಬಂದಂತಾಯಿತು.

ಸಾನಾ (ಬೆವರಿಳಿಸುವ ಬಿಸಿ ಕೋಣೆ), ಪ್ಲಾಸ್ಟಿಕ್ ಜಾಕೆಟ್, ನೀರಿನ ಮಾತ್ರೆ? ಎಲ್ಲರೂ ಮಾಡ್ತಾರಲ್ಲ?

ಇದಕ್ಕೆ ಉತ್ತರ ಬೇಡ ಅಂತಲೇ. ಕಾರಣವನ್ನೂ ಹೇಳಬೇಕು.

1997ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು ಒಂದು ತಿಂಗಳ ಒಳಗೆ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುತ್ತಾ ಸತ್ತರು. ರಬ್ಬರ್ ಬಟ್ಟೆ ಹಾಕಿಕೊಂಡು, ಬಿಸಿ ಕೋಣೆಯಲ್ಲಿ ಬೆವರು ಹರಿಸುತ್ತಿದ್ದರು, ನೀರು ಕುಡಿಯುತ್ತಿರಲಿಲ್ಲ. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಸಾನಾ, ರಬ್ಬರ್ ಬಟ್ಟೆ ನಿಷೇಧ ಆಯಿತು, ತೂಕ ನೋಡುವ ಹೊತ್ತನ್ನು ಕುಸ್ತಿಯ ಹತ್ತಿರಕ್ಕೆ ತಂದರು. 2015ರಲ್ಲಿ ಮನಿಲಾದಲ್ಲಿ ಒನ್ ಚಾಂಪಿಯನ್‌ಶಿಪ್ ಅನ್ನುವ ಎಂಎಂಎ ಸಂಸ್ಥೆಯ ಪಂದ್ಯಕ್ಕೆ ತೂಕ ಇಳಿಸುತ್ತಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್ ತೀರಿಕೊಂಡ. ವಯಸ್ಸು 21. ಅದಾದ ಮೇಲೆ ಆ ಸಂಸ್ಥೆ ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ನೀರು ಸರಿಯಾಗಿದೆಯಾ ಅಂತ ನೋಡಲು ಶುರು ಮಾಡಿತು. ಇವರೆಲ್ಲ ನಮಗಿಂತ ಪಳಗಿದವರು, ಜೊತೆಗೆ ಕೋಚ್ ಇದ್ದವರು.

ಮುಂಬೈಯಲ್ಲಿ ಇನ್ನೊಂದು ಅಪಾಯ ಇದೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಪ್ಲಾಸ್ಟಿಕ್ ಹಾಕಿದರೆ ಒಳಗಿನ ಬಿಸಿ ಏರುತ್ತಲೇ ಹೋಗುತ್ತದೆ. ತಲೆ ಸುತ್ತುವುದು, ಮಾತು ತೊದಲುವುದು, ಬೆವರು ಇದ್ದಕ್ಕಿದ್ದಂತೆ ನಿಲ್ಲುವುದು ಕಂಡರೆ ತಣ್ಣೀರು ಸುರಿಯುತ್ತಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡುವ ಫ್ಯುರೋಸಮೈಡ್ ತರಹದ್ದು, ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿಸಿದ ಪಟ್ಟಿಯಲ್ಲಿದೆ. ಪಂದ್ಯ ಇರಲಿ ಬಿಡಲಿ, ಎಲ್ಲ ಕಾಲಕ್ಕೂ ನಿಷೇಧ. ಪೊಟ್ಯಾಸಿಯಂ ಏರುಪೇರಾಗಿ ಎದೆ ಬಡಿತವೇ ತಪ್ಪಬಹುದು. ಮೆಡಿಕಲ್‌ನಲ್ಲಿ ಯಾರೋ ಸುಲಭವಾಗಿ ಕೊಟ್ಟರು ಅಂತ ತರಬೇಡಿ.

100 ಗ್ರಾಂ ಜಾಸ್ತಿ ಇದ್ದರೆ ಬಿಡ್ತಾರಾ?

ಬಿಡುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕುಸ್ತಿಪಟು ವಿನೇಶ್ ಫೋಗಟ್ ಮೊದಲ ದಿನ ಜಪಾನಿನ ಯುಯಿ ಸುಸಾಕಿಯನ್ನೂ ಸೇರಿಸಿ ಮೂವರನ್ನು ಸೋಲಿಸಿ ಫೈನಲ್‌ಗೆ ಬಂದರು. ಮಾರನೇ ಬೆಳಿಗ್ಗೆ 50 ಕಿಲೋಗೆ 100 ಗ್ರಾಂ ಜಾಸ್ತಿ ತೂಗಿದರು. ಪದಕವೇ ಇಲ್ಲದಂತಾಯಿತು, ಕ್ರೀಡಾ ನ್ಯಾಯಾಲಯದಲ್ಲೂ ಅವರ ಮನವಿ ಬಿದ್ದುಹೋಯಿತು. ಆ ದಿನ ನಮ್ಮ ಜಿಮ್‌ನಲ್ಲಿ ಯಾರಿಗೂ ಸರಿಯಾಗಿ ಕ್ಲಾಸ್ ಮಾಡಲು ಮನಸ್ಸಾಗಲಿಲ್ಲ. 53 ಕಿಲೋದಲ್ಲಿ ಆಡುತ್ತಿದ್ದವರು 50ಕ್ಕೆ ಇಳಿದಿದ್ದರು ಅನ್ನುವುದನ್ನು ನೆನಪಿಡಿ.

ಐಬಿಜೆಜೆಎಫ್‌ನಲ್ಲಿ ಅಧಿಕೃತ ತಕ್ಕಡಿ ಹತ್ತಲು ಒಂದೇ ಅವಕಾಶ. ಜಾಸ್ತಿ ತೂಗಿದರೆ ಅಲ್ಲಿಗೆ ಮುಗಿಯಿತು, ಮೇಲಿನ ವಿಭಾಗಕ್ಕೂ ಹಾಕುವುದಿಲ್ಲ, ಕಟ್ಟಿದ ದುಡ್ಡೂ ವಾಪಸ್ ಬರುವುದಿಲ್ಲ. ಅದಕ್ಕೇ ಮಿತಿಗಿಂತ ಅರ್ಧ ಕಿಲೋ ಕೆಳಗೆ ಗುರಿ ಇಡಿ ಅನ್ನುವುದು.

ಯಾವ ತಕ್ಕಡಿ ನಂಬಬೇಕು?

ಮನೆಯ ಡಿಜಿಟಲ್ ತಕ್ಕಡಿ ಸಾಕು, ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿ ಇರಲಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಏನೂ ಕುಡಿಯುವ ಮೊದಲು ತೂಗಿ. ಹಿಂದಿನ ಅಂಕಿಗಳ ಜೊತೆ ಹೋಲಿಸಲು ಅದು ಸರಿ. ನಿಜವಾದ ತೂಕ ತಿಳಿಯಲು ಐದು ಕಿಲೋದ ಅಕ್ಕಿ ಪ್ಯಾಕೆಟ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ಹತ್ತಿ, ವ್ಯತ್ಯಾಸ ಐದೇ ಬರುತ್ತದಾ ನೋಡಿ. ರೈಲ್ವೆ ಸ್ಟೇಷನ್ನಿನ ಬಣ್ಣದ ದೀಪದ ಮೆಷಿನ್ ನಂಬಬೇಡಿ. ಪಂದ್ಯದ ಜಾಗದಲ್ಲಿ ಸಾಮಾನ್ಯವಾಗಿ ಪರೀಕ್ಷೆಗೆ ಅಂತ ಒಂದು ತಕ್ಕಡಿ ಇಟ್ಟಿರುತ್ತಾರೆ. ಹೋದ ಕೂಡಲೇ ಗೀ ಹಾಕಿಕೊಂಡು ಅದರ ಮೇಲೆ ಹತ್ತಿ.

ಮಳೆಗಾಲದಲ್ಲಿ ಗೀ ಒಣಗುವುದೇ ಇಲ್ಲ. ಅದೂ ತೂಕಕ್ಕೆ ಸೇರುತ್ತದಾ?

ಸೇರುತ್ತದೆ. ಜುಲೈಯಲ್ಲಿ ಬಾಲ್ಕನಿಯ ಹಗ್ಗದ ಮೇಲೆ ಎರಡು ದಿನ ಇದ್ದ ಗೀ ಕೈಗೆ ಒಣಗಿದಂತೆ ಅನಿಸುತ್ತದೆ. ಕಾಲರ್ ಹಿಂಡಿ ನೋಡಿ, ಒಳಗಿನ ರಬ್ಬರಿನ ಸುತ್ತ, ಕಂಕುಳ ಹೊಲಿಗೆಯಲ್ಲಿ, ಪ್ಯಾಂಟಿನ ಮಂಡಿಯಲ್ಲಿ ತಣ್ಣಗೆ ಇರುತ್ತದೆ. ಅದೇ ನೂರಿನ್ನೂರು ಗ್ರಾಂ. ಪಂದ್ಯದ ಗೀಯನ್ನು ನಾಲ್ಕು ದಿನ ಮೊದಲೇ ಒಗೆದು, ಫ್ಯಾನ್ ಕೆಳಗೆ ಹರಡಿ ಒಣಗಿಸಿ, ಒಮ್ಮೆ ಇಸ್ತ್ರಿ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಡಿ. ವಾರ್ಮ್ ಅಪ್ ಬೇರೆ ಬಟ್ಟೆಯಲ್ಲಿ ಮಾಡಿ. ತೆಳು ಬಟ್ಟೆಯ ಪಂದ್ಯದ ಗೀ ಕೊಂಡರೆ ದಪ್ಪ ಗೀಗಿಂತ 300-400 ಗ್ರಾಂ ಉಳಿಯುತ್ತದೆ. ಬಿಳಿ, ಕಪ್ಪು, ರಾಯಲ್ ನೀಲಿ ಬಿಟ್ಟು ಬೇರೆ ಬಣ್ಣ ನಡೆಯುವುದಿಲ್ಲ. ಒಗೆದು ತೋಳು ಕುಗ್ಗಿದೆಯಾ ಅಂತಲೂ ನೋಡಿ, ಕೈ ನೇರ ಚಾಚಿದಾಗ ಮಣಿಕಟ್ಟಿನಿಂದ 5 ಸೆಂಟಿಮೀಟರ್‌ಗಿಂತ ಹಿಂದೆ ಇರಬಾರದು.

ಪಂದ್ಯದ ದಿನ ಏನು ತಿನ್ನಬೇಕು? ಎಷ್ಟು ಹೊತ್ತಿಗೆ ಹೊರಡಬೇಕು?

ಅರ್ಧ ಕಿಲೋ ಕೆಳಗೆ ಇದ್ದೀರಿ ಅಂದರೆ ಬೆಳಿಗ್ಗೆ ತಿನ್ನಬಹುದು. ಅದಕ್ಕೇ ಅಲ್ವಾ ಇಷ್ಟು ವಾರ ಕಷ್ಟಪಟ್ಟಿದ್ದು. ಮೂರು ಗಂಟೆ ಮೊದಲು ಎರಡು ಇಡ್ಲಿ ಅಥವಾ ಬಾಳೆಹಣ್ಣು, ಜೇನು ಹಚ್ಚಿದ ಬ್ರೆಡ್. ತಿಂದ 300 ಗ್ರಾಂ, ಕುಡಿದ 300 ಮಿಲಿ ತಕ್ಕಡಿಯಲ್ಲಿ ಅಷ್ಟೇ ತೂಗುತ್ತದೆ. ಸ್ವಲ್ಪ ಹೊತ್ತಿಗೆ ಮೂತ್ರ, ಬೆವರಿನಲ್ಲಿ ಒಂದಿಷ್ಟು ಹೋಗುತ್ತದೆ. ಹಿಂದಿನ ಎರಡು ಭಾನುವಾರ ಇದನ್ನೇ ಮಾಡಿ, ತೂಗಿ ನೋಡಿ ಅಭ್ಯಾಸ ಮಾಡಿಕೊಳ್ಳಿ. ತೂಕ ಕೊಟ್ಟ ಮೇಲೆ, ಕುಸ್ತಿಗಳ ನಡುವೆ ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು ಅಥವಾ ಓಆರ್‌ಎಸ್, ಬಾಳೆಹಣ್ಣು, ಖರ್ಜೂರ. ವಡಾಪಾವ್ ಸಂಜೆಗೆ.

ಪಂದ್ಯ ಇರುವುದು ಹೆಚ್ಚಾಗಿ ಭಾನುವಾರ, ಮೆಗಾಬ್ಲಾಕ್ (ಹಳಿ ಕೆಲಸಕ್ಕೆ ಲೋಕಲ್ ರೈಲು ನಿಲ್ಲಿಸುವುದು) ಇರುವುದೂ ಭಾನುವಾರವೇ. ಶನಿವಾರ ರಾತ್ರಿಯೇ ಯಾವ ಲೈನ್ ಬಂದ್ ಅಂತ ನೋಡಿ. ಬ್ಲಾಕ್ ಶುರುವಾಗುವ ಮೊದಲಿನ ಗಾಡಿ ಹಿಡಿದರೆ ಸೀಟೂ ಸಿಗುತ್ತದೆ. ನಿಂತು, ಬೆವರಿ, ರಿಕ್ಷಾಕ್ಕೆ ಓಡಿ ತಲುಪಿದರೆ ಕಾಲು ಅರ್ಧ ಅಲ್ಲೇ ಸೋತಿರುತ್ತದೆ.

ಕೆಳಗಿನ ವಿಭಾಗದಲ್ಲಿ ಆಟ ಬದಲಾಗುತ್ತದಾ?

ತುಂಬಾ. ತೂಕದ ಗಲಾಟೆಯಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಸೋಲು ಗೆಲುವು ಇಲ್ಲೇ ಇದೆ.

ಕೆಳಗಿನ ವಿಭಾಗದವರು ಚುರುಕು. ಮೇಲಿನ ವಿಭಾಗದಲ್ಲಿ ನೀವು ಒಬ್ಬರ ಕಾಲು ಬದಿಗೆ ತಳ್ಳಿ, ಭುಜ ಎದೆಗೆ ಒತ್ತಿ, ನಿಧಾನವಾಗಿ ಗಾರ್ಡ್ ಪಾಸ್ ಮಾಡುತ್ತಿದ್ದಿರಿ, ಅಂದರೆ ಕೆಳಗಿರುವವರ ಕಾಲಿನ ತಡೆ ದಾಟುತ್ತಿದ್ದಿರಿ. ಇಲ್ಲಿ ಭುಜ ತಲುಪುವ ಮೊದಲೇ ಅವನ ಸೊಂಟ ಅಲ್ಲಿರುವುದಿಲ್ಲ, ಮಂಡಿ ವಾಪಸ್ ನಡುವೆ ಬಂದಿರುತ್ತದೆ. ಒಂದು ಕೈ ನಿಮ್ಮ ಪ್ಯಾಂಟಿನ ಅಂಚಿನಲ್ಲಿ, ಕಾಲು ನಿಮ್ಮ ತೊಡೆಯ ಹಿಂದೆ ಸುತ್ತಿಕೊಂಡಿರುತ್ತದೆ. ಹೀಗೆ ಕಾಲು ಸುತ್ತಿ ಹಿಡಿಯುವ ಡೆ ಲಾ ಹೀವಾ ಗಾರ್ಡ್, ಕಾಲಿನ ಕೆಳಗೆ ಉರುಳಿ ಬೆನ್ನು ಹಿಡಿಯುವ ಆಟ ಇಲ್ಲಿ ಜಾಸ್ತಿ. ಹಾಗಾಗಿ ಕೊನೆಯ ಆರು ವಾರ ನಿಮಗಿಂತ ಹಗುರ ಇರುವವರ ಜೊತೆ ಆಡಿ. ಅವರ ಮೇಲೆ ಭಾರ ಹಾಕಿ ಗೆಲ್ಲುವ ಅಭ್ಯಾಸ ಬಿಟ್ಟು, ಅವರ ಪ್ಯಾಂಟಿನ ಹಿಡಿತ ಸಿಗುವವರೆಗೆ ಮುಂದೆ ಹೋಗದಿರುವ ಅಭ್ಯಾಸ ಮಾಡಿ.

ನಿಮ್ಮ ಬಲವೂ ಇಲ್ಲೇ ಇದೆ. ಸ್ನಾಯು ಉಳಿಸಿಕೊಂಡು ಇಳಿದಿದ್ದರೆ ಹಿಡಿತ, ಮೇಲಿನಿಂದ ಒತ್ತುವ ಶಕ್ತಿ ಈ ವಿಭಾಗದಲ್ಲಿ ಜಾಸ್ತಿಯೇ ಇರುತ್ತದೆ. ಅದನ್ನು ಅಂಕವಾಗಿ ಮಾಡಿಕೊಳ್ಳಿ. ಟೇಕ್‌ಡೌನ್ (ನೆಲಕ್ಕೆ ಕೆಡವುವುದು), ಸ್ವೀಪ್ (ಕೆಳಗಿನಿಂದ ಉರುಳಿಸಿ ಮೇಲೆ ಬರುವುದು), ನೀ ಆನ್ ಬೆಲಿ (ಹೊಟ್ಟೆ ಮೇಲೆ ಮಂಡಿ) ತಲಾ 2, ಗಾರ್ಡ್ ಪಾಸ್ 3, ಮೌಂಟ್ (ಮೈಮೇಲೆ ಕೂರುವುದು) 4, ಬೆನ್ನು ಹಿಡಿದರೆ 4. ಪ್ರತಿಯೊಂದನ್ನೂ 3 ಸೆಕೆಂಡ್ ಹಿಡಿದು ನಿಲ್ಲಿಸಬೇಕು. ಚುರುಕಿನವರ ಎದುರು ಆ 3 ಸೆಕೆಂಡೇ ಕಷ್ಟ. ಜಿಮ್‌ನಲ್ಲಿ ಪಾಸ್ ಆದ ಕೂಡಲೇ ಮುಂದಿನದಕ್ಕೆ ಹಾರಬೇಡಿ, ಮನಸ್ಸಿನಲ್ಲಿ ಮೂರು ಎಣಿಸಿ. ನನ್ನ ಲೆಕ್ಕದಲ್ಲಿ ಇಳಿದು ಬಂದವರಿಗೆ ಸರಿಯಾದ ಯೋಜನೆ: ಮೊದಲು ಟೇಕ್‌ಡೌನ್, ಆಮೇಲೆ ಮೇಲೆ ಉಳಿಯುವುದು, ಆತುರ ಇಲ್ಲದೆ ಒಂದು ಪಾಸ್. 5-0 ಆಯಿತು ಅಂದರೆ ಎದುರಾಳಿ ರಿಸ್ಕ್ ತೆಗೆದುಕೊಳ್ಳಲೇಬೇಕು, ಚೋಕ್ (ಕತ್ತು ಒತ್ತಿ ಸೋಲೊಪ್ಪಿಸುವ ಪಟ್ಟು) ಆಗ ತಾನಾಗಿ ಸಿಗುತ್ತದೆ.

ಜಿಮ್‌ನ ದಪ್ಪ ಗೆಳೆಯರ ಎದುರು ಈ ವಾರಗಳಲ್ಲಿ ನೀವು ಮೊದಲಿಗಿಂತ ಜಾಸ್ತಿ ಸೋಲುತ್ತೀರಿ. ಅವರು ಅಷ್ಟೇ ಇದ್ದಾರೆ, ನೀವು ಐದು ಕಿಲೋ ಕಡಿಮೆ. ಎದೆಗುಂದಬೇಡಿ.

ಹೆಣ್ಣುಮಕ್ಕಳು ಬೇರೆ ಏನು ಗಮನಿಸಬೇಕು?

ಮುಟ್ಟಿನ ಹಿಂದಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದು ಕಿಲೋ, ಕೆಲವರಿಗೆ ಎರಡು ಕಿಲೋ ಜಾಸ್ತಿ ತೋರಿಸುತ್ತದೆ. ಅದು ಕೊಬ್ಬು ಅಲ್ಲ. ಪಂದ್ಯದ ತಾರೀಖು ಚಕ್ರದ ಎಲ್ಲಿ ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಿ, ಆ ದಿನಗಳಲ್ಲೇ ಬೀಳುವುದಾದರೆ ಅಷ್ಟು ಜಾಗ ಬಿಟ್ಟು ಗುರಿ ಇಡಿ. ಹೋದ ತಿಂಗಳಿನ ತೂಕಕ್ಕೆ ಈ ತಿಂಗಳ ಚಕ್ರದ ಅದೇ ದಿನದ ತೂಕ ಹೋಲಿಸಿ. ತೂಕ ಇಳಿಸುವಾಗ ಮುಟ್ಟು ನಿಂತರೆ ಊಟ ಸಾಲುತ್ತಿಲ್ಲ ಅಂತ ಅರ್ಥ. "ಅಡ್ಜಸ್ಟ್ ಆಗುತ್ತೆ" ಅಂತ ಮುಂದೂಡಬೇಡಿ, ಊಟ ಜಾಸ್ತಿ ಮಾಡಿ, ಡಾಕ್ಟರನ್ನು ನೋಡಿ. ಮೂಳೆ ಸವೆಯುವುದು ಅಲ್ಲಿಂದಲೇ ಶುರು. ರಕ್ತಹೀನತೆ ಇದ್ದರೆ ಅದು ಸರಿಯಾಗುವವರೆಗೆ ತೂಕ ಇಳಿಸಬೇಡಿ.

ಮಗನಿಗೆ 15 ವರ್ಷ. ಕೋಚ್ ಒಂದು ಕ್ಲಾಸ್ ಇಳಿಸೋಣ ಅಂತಾರೆ.

ಬೇಡ ಅನ್ನಿ. ಬೆಳೆಯುವ ಮಕ್ಕಳ ಊಟಕ್ಕೆ ಕೈ ಹಾಕಬಾರದು. ಅವನು ಬೆಳೆದು ಮೇಲಿನ ವಿಭಾಗಕ್ಕೆ ಹೋದರೆ ಅಲ್ಲೇ ಆಡಲಿ.

ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ತೊಂದರೆ ಇರುವವರು, ಊಟದ ಬಗ್ಗೆ ಹಿಂದೆ ಮನಸ್ಸು ಕೆಟ್ಟು ಒದ್ದಾಡಿದವರು ಕೂಡ ಡಾಕ್ಟರ್ ಜೊತೆ ಮಾತಾಡದೆ ಶುರು ಮಾಡಬೇಡಿ.

ನನಗೆ 34. ಮಾಸ್ಟರ್ ವಿಭಾಗದಲ್ಲಿ ಏನಾದರೂ ಬದಲಾಗುತ್ತದಾ?

30 ತುಂಬುವ ವರ್ಷದಿಂದ ಮಾಸ್ಟರ್ 1. ತೂಕದ ಮಿತಿಗಳು ಅವೇ. ನೀಲಿ ಬೆಲ್ಟ್‌ಗೆ 6ರ ಬದಲು 5 ನಿಮಿಷ. ಆಫೀಸು, ಮಕ್ಕಳು, ನಿದ್ದೆ ಕಡಿಮೆ ಇರುವ ವಯಸ್ಸಿನಲ್ಲಿ ವಾರಕ್ಕೆ ಅರ್ಧ ಕಿಲೋ ಕೂಡ ಜಾಸ್ತಿ ಅನಿಸಬಹುದು. 300 ಗ್ರಾಂ ಲೆಕ್ಕ ಹಾಕಿ, ಒಂದೆರಡು ತಿಂಗಳು ಜಾಸ್ತಿ ಇಟ್ಟುಕೊಳ್ಳಿ. ನಿದ್ದೆ ಆರು ಗಂಟೆಗಿಂತ ಕಡಿಮೆ ಆದರೆ ಹಸಿವು ಜಾಸ್ತಿ ಆಗುತ್ತದೆ. ರಾತ್ರಿ ಹತ್ತಕ್ಕೆ ಮುಗಿಯುವ ಕ್ಲಾಸಿಗೆ ವಿರಾರ್‌ನಿಂದ ಬರುವವರು ಬೆಳಗಿನ ಬ್ಯಾಚ್ ಇದೆಯಾ ಅಂತ ಕೇಳಿ ನೋಡಿ.

ಪಂದ್ಯ ಮುಗಿದ ಮೇಲೆ?

ಆ ದಿನ ಹೊಟ್ಟೆ ತುಂಬ ತಿನ್ನಿ. ಮಾಟುಂಗಾ ಸ್ಟೇಷನ್ ಎದುರು ರಾಮ ನಾಯಕರ ಉಡುಪಿ ಹೋಟೆಲಲ್ಲಿ ಎಲೆ ಹಾಕಿಸಿಕೊಂಡು ಕೂತರೆ ನೀವು ಸಾಕು ಅನ್ನುವವರೆಗೂ ಅನ್ನ ಬಡಿಸುತ್ತಾರೆ. ಮುಂದಿನ ವಾರದಿಂದ ಕಡಿಮೆ ಮಾಡಿದ್ದ 500 ಕ್ಯಾಲೊರಿಯಲ್ಲಿ ಅರ್ಧ ವಾಪಸ್ ತನ್ನಿ, ಎರಡು ವಾರ ಬಿಟ್ಟು ಉಳಿದರ್ಧ. ಮೊದಲ ನಾಲ್ಕು ದಿನದಲ್ಲೇ ಒಂದೆರಡು ಕಿಲೋ ಏರುತ್ತದೆ, ಆ ನೀರು ಮತ್ತು ಗ್ಲೈಕೋಜೆನ್ ವಾಪಸ್ ಬಂದಿದ್ದು. ಹಾಗಾಗಿ ಹೊಸ ವಿಭಾಗದಲ್ಲೇ ಉಳಿಯುವ ಆಸೆ ಇದ್ದರೆ ವರ್ಷವಿಡೀ ಅದರ ಮಿತಿಗಿಂತ ಎರಡು ಕಿಲೋ ಒಳಗೆ ಮೇಲೆ ಇರಿ. ಪ್ರತಿ ಪಂದ್ಯಕ್ಕೂ ಆರು ಕಿಲೋ ಇಳಿದು ಆರು ಕಿಲೋ ಏರುವ ಹಾಗಿದ್ದರೆ ಆ ವಿಭಾಗ ನಿಮ್ಮದಲ್ಲ.

ಹೆಸರು ಕೊಟ್ಟಾಗಿದೆ, ತೂಕ ಇಳಿಯುತ್ತಿಲ್ಲ. ವಿಭಾಗ ಬದಲಾಯಿಸಬಹುದಾ?

ಬದಲಾವಣೆಗೆ ಒಂದು ಕೊನೆಯ ದಿನ ಇರುತ್ತದೆ, ನೋಂದಣಿ ಪುಟದಲ್ಲೇ ಹಾಕಿರುತ್ತಾರೆ. ಆ ದಿನದ ಒಳಗೆ ಬದಲಾಯಿಸಬಹುದು, ಆಮೇಲೆ ಆಗುವುದಿಲ್ಲ. ಹೆಸರು ಕೊಡುವ ದಿನವೇ ಆ ತಾರೀಖನ್ನು ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. ಅವತ್ತು ಬೆಳಿಗ್ಗೆ ಗೀ ಹಾಕಿಕೊಂಡು ತಕ್ಕಡಿ ಹತ್ತಿ, ಮಿತಿಗಿಂತ ಒಂದು ಕಿಲೋ ಮೀರಿ ಜಾಸ್ತಿ ಇದ್ದರೆ ಮೇಲಿನ ವಿಭಾಗಕ್ಕೆ ಬದಲಾಯಿಸಿ, ತಿಂಡಿ ತಿಂದು ಕ್ಲಾಸಿಗೆ ಹೋಗಿ.